ಎರಡು ಕಟ್ಟೆಯ ಅಡುಗೆಮನೆ

ಅತ್ತೆ,

ಇವತ್ತು ಬೆಳಿಗ್ಗೆ ದೇವರಿಗೆ ಕೈಮುಗಿದು ಕೂತವಳು ಒಂದು ಮನೆಯನ್ನೇ ಕಟ್ಟಿದೆ. ನಗಬೇಡಿ. ನಿಮ್ಮ ಮೊಮ್ಮಗಳು ಕಂಪ್ಯೂಟರಿನಲ್ಲಿ ಮನೆ ಕಟ್ಟುವುದನ್ನು ಹೇಳಿಕೊಟ್ಟಿದ್ದಾಳೆ. ಎಳೆದಷ್ಟು ಗೋಡೆ ಬೆಳೆಯುತ್ತದೆ, ಇಟ್ಟಲ್ಲಿ ಕಿಟಕಿ ಕೂರುತ್ತದೆ. ಹಿತ್ತಲಿಗೆ ಒಂದು ಕೆರೆ ತಂದಿಟ್ಟೆ, ಅದರಾಚೆ ಮೂರು ಗುಡ್ಡ. ದೇವರ ಕೋಣೆಗೆ ತುಂಬಾ ಬೆಳಕು.

ಅಡುಗೆಮನೆ ನೋಡಿ ಅವಳು ನಕ್ಕಳು. "ಅಮ್ಮಾ, ಒಲೆ ಕಟ್ಟೆ ಯಾಕಿಷ್ಟು ಗಿಡ್ಡ? ಕುಳ್ಳರ ಮನೇನಾ ಇದು?"

ನೋಡಿದರೆ ನಮ್ಮ ಹಳೆಯ ಕಟ್ಟೆಯದೇ ಅಳತೆ, ನಿಮ್ಮ ಎತ್ತರಕ್ಕೆ ಕಟ್ಟಿಸಿದ್ದು. ಬಗ್ಗಿ ಬಗ್ಗಿ ಬೆನ್ನು ಹೋಯಿತೆಂದು ಇಪ್ಪತ್ತು ವರ್ಷ ನಿಮ್ಮೊಡನೆ ಜಗಳವಾಡಿದವಳು ನಾನೇ. ಇವತ್ತು ಕೈ ಮಾತ್ರ ತಾನಾಗಿ ಅದೇ ಅಳತೆ ಇಟ್ಟಿತ್ತು. ಆಗ ಜಗಳ ಸಾಕಾಗಿ ಕೊನೆಗೊಂದು ದಿನ ಗಾರೆಯವನನ್ನು ಕರೆಸಿ ಕಟ್ಟೆ ಎತ್ತರಿಸಿದ್ದೆ. ಆಮೇಲೆ ನೀವು ಬದುಕಿದ್ದ ಎರಡು ವರ್ಷವೂ ಒಲೆಯ ಹತ್ತಿರ ಬರಲಿಲ್ಲ. ಅತ್ತೆಗೂ ವಿಶ್ರಾಂತಿಯಾಯಿತೆಂದು ನಾನು ಎಲ್ಲರಿಗೂ ಹೇಳಿಕೊಂಡು ಬಂದೆ.

ಗಿಡ್ಡ ಕಟ್ಟೆಯನ್ನು ಅಳಿಸಲಿಲ್ಲ. ಪಕ್ಕದಲ್ಲೇ ನನ್ನ ಎತ್ತರಕ್ಕೆ ಇನ್ನೊಂದು ಹಾಕಿದೆ.

"ಒಂದೇ ಮನೇಲಿ ಎರಡು ಒಲೆ! ಪಾಲಾಯ್ತಾ?"

"ಬಾಯಿ ಮುಚ್ಚೇ. ಒಟ್ಟಿಗೆ ಅಡುಗೆ ಮಾಡೋದಕ್ಕೆ ಕಣೇ."

ಆ ಮನೆಯೊಳಗೆ ಓಡಾಡಿಯೂ ನೋಡಬಹುದು. ಓಡಾಡುವವರ ಎತ್ತರವನ್ನು ನಾವೇ ಹೇಳಬೇಕು. ನಿಮ್ಮ ಎತ್ತರ ಕೊಟ್ಟು ಗಿಡ್ಡ ಕಟ್ಟೆಯ ಮುಂದೆ ನಿಂತೆ. ಎದುರಿಗೆ ಬರೀ ಗೋಡೆ. ಕಿಟಕಿಯನ್ನು ಒಂದು ಗೇಣು ಕೆಳಗಿಳಿಸಿದೆ.

ಈಗ ನೀವು ನಿಲ್ಲುವ ಜಾಗದಿಂದ ಕೆರೆ ಪೂರ್ತಿ ಕಾಣುತ್ತದೆ, ಅತ್ತೆ.