ನಿನ್ನ ಜೊತೆಗೆ ನಾನು ಕಳಿಸಿದವನು

ಮಗಳೇ,

‘ನಾವೆಲ್ಲ ಕ್ಷೇಮ, ನಿನ್ನ ಕ್ಷೇಮ ಸಮಾಚಾರ ತಿಳಿಸು’ ಎಂದು ಶುರುಮಾಡಿದ್ದೆ. ನಿನ್ನ ಕ್ಷೇಮದ ಮಾತೆತ್ತುವ ಮುಖ ನನಗೆಲ್ಲಿದೆ ಎನ್ನಿಸಿ ಆ ಸಾಲು ಹೊಡೆದುಹಾಕಿದೆ. ಇದನ್ನು ನಿನ್ನ ಗಂಡನ ಕೈಯಲ್ಲೇ ಕಳಿಸುತ್ತಿದ್ದೇನೆ. ಅವನು ಓದಿಲ್ಲ. ತೋರಿಸುವುದು ಬಿಡುವುದು ನಿನ್ನಿಷ್ಟ. ಫೋನಿನಲ್ಲೇ ಹೇಳಬಹುದಿತ್ತು. ಆದರೆ ನಾನು ಬಾಯಿ ತೆರೆದರೆ ಎದುರಿನವರಿಗೆ ‘ಹೂಂ’ ಎನ್ನುವುದಕ್ಕೂ ಸಂದು ಸಿಗುವುದಿಲ್ಲ, ನಿನಗೆ ಗೊತ್ತಲ್ಲ.

ಬಸ್ಸಿನ ಕಂಡಕ್ಟರಾಗಿ ತಲೆಕೂದಲು ಬೆಳ್ಳಗೆ ಮಾಡಿಕೊಂಡವಳು ನಾನು. ತುಂಬಿದ ಬಸ್ಸಿನಲ್ಲಿ ಯಾರ ಕೈ ಎಲ್ಲಿ ಹರಿದಾಡುತ್ತಿದೆ ಎಂದು ಹಿಂದಿನ ಬಾಗಿಲಲ್ಲಿ ನಿಂತೇ ಹೇಳುತ್ತಿದ್ದೆ. ಎಷ್ಟು ಜನರನ್ನು ಕಾಲರ್ ಹಿಡಿದು ನಡುದಾರಿಯಲ್ಲಿ ಇಳಿಸಿದ್ದೇನೋ ಲೆಕ್ಕವಿಲ್ಲ. ಅದಕ್ಕೇ, ನಮ್ಮ ಬೀದಿಯಲ್ಲಿ ಕೈಚೀಲ ಕಿತ್ತುಕೊಂಡು ಓಡುವವರ ಕಾಟ ಹೆಚ್ಚಾದಾಗ ಎಲ್ಲರೂ ಸೇರಿ ಬೀದಿ ಕಾವಲು ಕಟ್ಟಿ ನನ್ನನ್ನೇ ಅದರ ಮುಂದಾಳು ಮಾಡಿದರು. ನನಗೋ ಕೆಲಸ ಬಿಟ್ಟಮೇಲೆ ಕೂಗಾಡಲು ಜನ ಸಿಕ್ಕಿರಲಿಲ್ಲ. ಕತ್ತಲಲ್ಲಿ ಹೊಳೆಯುವ ಹಳದಿ ಜಾಕೆಟ್ ತರಿಸಿದೆ. ಕತ್ತಲಾದ ಮೇಲೆ ಬಸ್ಸಿಳಿಯುವ ಹೆಂಗಸರನ್ನು ಜಾಕೆಟ್ ಹಾಕಿದವರೊಬ್ಬರು ಮನೆ ಬಾಗಿಲತನಕ ಬಿಟ್ಟುಬರಬೇಕು ಎಂಬ ನಿಯಮವನ್ನೂ ನಾನೇ ಮಾಡಿದೆ. ಬೀದಿಯ ನಮ್ಮ ಕಡೆಯ ಮನೆಗಳ ಸರದಿಗೆ ಫ್ರೇಮ್ ಅಂಗಡಿಯವನನ್ನು ಹಾಕಿದೆ. ಫೋಟೋಗಳಿಗೆ ಕಟ್ಟು ಹಾಕಿಕೊಂಡು, ಬಂದವರನ್ನೆಲ್ಲ ‘ತಾಯಿ’ ಎಂದು ಕರೆಯುತ್ತ, ತಲೆ ತಗ್ಗಿಸಿಯೇ ಮಾತಾಡುವ ಮನುಷ್ಯ. ಬೀದಿಯಲ್ಲಿ ಅವನ ಬಗ್ಗೆ ಯಾರೂ ಒಂದು ಮಾತು ಆಡಿರಲಿಲ್ಲ. ಆಡದಿರಲು ಕಾರಣವೇನು ಎಂದು ನಾನು ಕೇಳಿಕೊಳ್ಳಲಿಲ್ಲ.

ನೀನು ಮೊದಲು ಹೇಳಿದ್ದು ಈರುಳ್ಳಿ ಹೆಚ್ಚುತ್ತಿದ್ದಾಗ. “ಅತ್ತೆ, ನಂಗ್ಯಾರೂ ಜೊತೆ ಬೇಡ. ನಾನೇ ಬರ್ತೀನಿ.” ನಾನು ರೇಗಿದೆ. “ಮುಂದಾಳು ಮನೆಯವಳೇ ಹಿಂಗಂದ್ರೆ ಬೇರೆಯವರು ಕೇಳ್ತಾರೇನೇ? ನನ್ನ ಮರ್ಯಾದೆ ಏನಾಗ್ಬೇಕು?” ನೀನು ಇನ್ನೊಂದು ಈರುಳ್ಳಿ ಸುಲಿದು ಮತ್ತೆ ಕೇಳಿದೆ. “ಹಾಗಾದ್ರೆ ಬೇರೆ ಯಾರನ್ನಾದ್ರೂ ಕಳ್ಸಿ. ಬೀಗ ರಿಪೇರಿ ತಾತ ಆದ್ರೂ ಆಗುತ್ತೆ.” ನಾನೆಂದೆ, “ಯಾಕೆ, ಇವನಿಗೇನು ಕೊಂಬಿದೆಯಾ?” ನೀನು ಚಾಕು ಕೆಳಗಿಟ್ಟು ನನ್ನ ಮುಖ ನೋಡಿದೆ. ಆಮೇಲೆ, “ಏನಿಲ್ಲ ಬಿಡಿ” ಎಂದೆ. ಆ ‘ಏನಿಲ್ಲ ಬಿಡಿ’ ಈಗ ಹಗಲೂ ರಾತ್ರಿ ನನ್ನ ಕಿವಿಯಲ್ಲಿದೆ. ಬಸ್ಸಿನಲ್ಲಿ ಗುರುತು ಪರಿಚಯವಿಲ್ಲದ ಹುಡುಗಿ ಹಾಗೆಂದಿದ್ದರೆ ನಾನು ಬಿಡುತ್ತಿರಲಿಲ್ಲ, ಬಾಯಿ ಬಿಡಿಸುತ್ತಿದ್ದೆ. ನೀನು ನನ್ನ ಸೊಸೆ ಅನ್ನುವ ಒಂದೇ ಕಾರಣಕ್ಕೆ ಅದು ನನಗೆ ಜಂಬದಂತೆ ಕೇಳಿಸಿತು.

ಆ ವಾರವೇ ಸಭಾಭವನದಲ್ಲಿ ಹೆಂಗಸರನ್ನೆಲ್ಲ ಕೂರಿಸಿ ಪಾಠ ಹೇಳಿದೆ. ಯಾರಾದರೂ ಮೈಮುಟ್ಟಿದರೆ ಕೂಗಿ, ಹೆಸರು ಹಿಡಿದು ಹೇಳಿ, ನಾಚಿಕೆ ಪಡಬೇಕಾದವರು ನೀವಲ್ಲ ಎಂದೆಲ್ಲ. ಚಪ್ಪಾಳೆಯೋ ಚಪ್ಪಾಳೆ. ನೀನು ಹಿಂದಿನ ಸಾಲಿನಲ್ಲಿ ಕೂತು ಚಪ್ಪಾಳೆ ತಟ್ಟಲಿಲ್ಲ. ಅದಕ್ಕೂ ನನಗೆ ಸಿಟ್ಟು. ನಿನ್ನದು ಕಟ್ಟಿಸಿಕೊಳ್ಳುವ ಹಲ್ಲು ತಯಾರಿಸುವ ಕೆಲಸ ಅಲ್ಲವೇ, ಅದನ್ನು ಹಿಡಿದುಕೊಂಡು ಪಕ್ಕದಲ್ಲಿದ್ದವರಿಗೆ, “ನಮ್ಮವಳು ಊರಿನ ಬಾಯಿಗೆಲ್ಲ ಹಲ್ಲು ಮಾಡಿಕೊಡ್ತಾಳೆ, ತನ್ನ ಬಾಯಿ ಮಾತ್ರ ತೆಗೆಯಲ್ಲ” ಎಂದು ನಗಿಸಿದೆ. ನೀನು ಕೇಳಿಸಿಕೊಂಡೆಯೆಂದು ಗೊತ್ತಿತ್ತು. ಕೇಳಿಸಿಕೊಳ್ಳಲಿ ಎಂದೇ ಹೇಳಿದ್ದು.

ಆಮೇಲೆ ನೀನು ದಿನಾ ತಡವಾಗಿ ಬರಲು ಶುರುಮಾಡಿದೆ. ಚಪ್ಪಲಿಯಲ್ಲಿ ಮರದ ಹೊಟ್ಟು. ನನ್ನ ತಲೆಯೊಳಗೆ ಹುಳ ಹೊಕ್ಕಿತು. ಒಂದು ಸಂಜೆ ಮಹಡಿ ಮೇಲೆ ನಿಂತು ನೋಡಿದೆ. ಮರದ ಗೋದಾಮಿನ ಹಿಂದಿನ ಓಣಿಯಿಂದ ನೀನೊಬ್ಬಳೇ ಹೊರಗೆ ಬಂದೆ. ನಮ್ಮ ನಿಲ್ದಾಣಕ್ಕಿಂತ ಒಂದು ನಿಲ್ದಾಣ ಮೊದಲೇ ಇಳಿದು ಆ ಸುತ್ತು ದಾರಿಯಲ್ಲಿ ಬರುತ್ತಿದ್ದೀಯ ಎಂದು ತಿಳಿಯಿತು. ಯಾಕೆ ಎಂದು ನಿನ್ನನ್ನು ಕೇಳಲಿಲ್ಲ. ನಿನ್ನ ಗಂಡನಿಗೆ, “ನಿನ್ನ ಹೆಂಡ್ತಿ ಯಾರ ಕಣ್ಣು ತಪ್ಪಿಸಿ ಓಡಾಡ್ತಾಳೆ ವಿಚಾರಿಸು” ಎಂದು ಕಿವಿ ಊದಿದೆ. ಪಾಪ, ಅವನು ನನ್ನ ಮೇಲೆಯೇ ಮುನಿಸಿಕೊಂಡು ಎದ್ದುಹೋದ.

ಆಸ್ಪತ್ರೆಯಲ್ಲಿ ಕೈಗೆ ಪಟ್ಟಿ ಹಾಕಿಸಿಕೊಂಡು ಮಲಗಿದ್ದಾಗ ನೀನು ಕೊನೆಗೂ ಎಲ್ಲ ಹೇಳಿದೆ. ‘ಹೊಂಡ ಇದೆ, ಹುಷಾರು’ ಎಂದು ಫ್ರೇಮ್ ಅಂಗಡಿಯವನು ಇಲ್ಲದ ಹೊಂಡ ತೋರಿಸಿ ಸೊಂಟಕ್ಕೆ ಕೈ ಹಾಕುತ್ತಿದ್ದುದು, ಬೇಡವೆಂದರೆ ‘ಅತ್ತೆಯವರಿಗೆ ಹೇಳಲಾ’ ಎಂದು ನಗುತ್ತಿದ್ದುದು. ಅವತ್ತು ಗೋದಾಮಿನ ಗೋಡೆಯ ಮರೆಯಲ್ಲಿ ಹಳದಿ ಜಾಕೆಟ್ ಹೊಳೆದದ್ದು, ಅವನು ತೋಳು ಹಿಡಿದು ಎಳೆದದ್ದು, ನೀನು ಕಿತ್ತುಕೊಂಡು ಓಡುವಾಗ ದಿಮ್ಮಿ ಎಡವಿ ಬಿದ್ದದ್ದು. ಮೇಣದಲ್ಲಿ ಅಕ್ಕಿಕಾಳಿನಷ್ಟು ಹಲ್ಲನ್ನು ಕೆತ್ತುವ ಬಲಗೈ, ಅದರ ಮಣಿಕಟ್ಟೇ ಮುರಿದಿತ್ತು. ಎಲ್ಲ ಹೇಳಿದಮೇಲೆ ನೀನು ಒಂದೇ ಒಂದು ಪ್ರಶ್ನೆ ಕೇಳಿದೆ. “ಆ ದಾರಿ ಅವನಿಗೆ ಹೆಂಗೆ ಗೊತ್ತಾಯ್ತು ಅತ್ತೆ?”

ನಾನು ನೀರು ತರುತ್ತೇನೆಂದು ಎದ್ದುಹೋದೆ. ಜಗ್ಗಿನ ತುಂಬ ನೀರಿತ್ತು, ನೀನೂ ನೋಡಿರಬೇಕು.

ನಾನೇ ಹೇಳಿದ್ದು ಮಗಳೇ. ಹಿಂದಿನ ದಿನ ಅವನ ಅಂಗಡಿಗೇ ಹೋಗಿ, ಅವನು ಗಾಜು ಒರೆಸುತ್ತಿದ್ದಾಗ ಹೇಳಿದೆ. “ನಮ್ಮ ಸೊಸೆ ಗೋದಾಮಿನ ಹಿಂದಿನಿಂದ ಬರ್ತಿದ್ದಾಳೆ ಕಣಪ್ಪಾ. ಅಲ್ಲೇ ಹೋಗಿ ನಿಂತ್ಕೋ, ಒಬ್ಬಳೇ ಬಿಡಬೇಡ.” ಅವನು ಕೈಮುಗಿದು, “ನಿಮ್ಮ ಮಾತು ಮೀರ್ತೀನಾ ತಾಯಿ” ಎಂದ. ನಿನ್ನ ಮೇಲಿನ ಕಾಳಜಿಯಿಂದ ಹೇಳಿದೆ ಎಂದು ಬರೆದರೆ ಅದು ಅರ್ಧ ಸುಳ್ಳು. ನೀನು ಅಲ್ಲಿ ಯಾರನ್ನು ಭೇಟಿಯಾಗುತ್ತೀಯೋ ಅದು ಫ್ರೇಮ್ ಅಂಗಡಿಯವನ ಕಣ್ಣಿಗೆ ಬೀಳಲಿ, ನನಗೆ ಸುದ್ದಿ ಬರಲಿ ಎಂಬ ಆಸೆಯೂ ಇತ್ತು. ಇದನ್ನು ಬರೆಯುವಾಗ ನನ್ನ ಮೇಲೆಯೇ ಹೇಸಿಗೆಯಾಗುತ್ತಿದೆ.

ಮೊನ್ನೆ ಪೊಲೀಸ್ ಠಾಣೆಗೆ ಹೋಗಿ ಇದಿಷ್ಟನ್ನೂ ನನ್ನ ಹೇಳಿಕೆಯಾಗಿ ಕೊಟ್ಟೆ. ಅವನಿಗೆ ದಾರಿ ತೋರಿಸಿದವಳು ನಾನೇ ಎಂಬುದನ್ನೂ ಸೇರಿಸಿದೆ. ಬರೆದುಕೊಳ್ಳುತ್ತಿದ್ದ ಹುಡುಗಿ ತಲೆಯೆತ್ತಿ, “ಇದು ಬೇಕಾ ಅಜ್ಜಿ?” ಎಂದಳು. ಬೇಕು ಎಂದೆ. ನಿನ್ನ ಮಾತು ಇಲ್ಲದೆ ಅವರಿಗೆ ಮುಂದೆ ಹೋಗುವುದು ಕಷ್ಟವಂತೆ. ಹೇಳು ಎಂದು ನಾನು ಒತ್ತಾಯಿಸುವುದಿಲ್ಲ. ಬೇಡವೆಂದರೂ ನಿನ್ನ ಮೇಲೆ ಯಾರೂ ಚಕಾರವೆತ್ತದಂತೆ ನೋಡಿಕೊಳ್ಳುತ್ತೇನೆ.

ನಿನ್ನೆ ಬೀದಿಯವರ ಸಭೆ ಕರೆದೆ. ನಡೆದದ್ದನ್ನು ಎಲ್ಲರೆದುರು ಹೇಳಿದೆ. ನಿನ್ನ ವಿಷಯವನ್ನಲ್ಲ, ನನ್ನದನ್ನು. ಕೂಗಲಿಲ್ಲ. ಫ್ರೇಮ್ ಅಂಗಡಿಯವನ ಕಡೆಯವರು ಕೆಲವರು ಗೊಣಗಿದರು, ಎದ್ದೂ ಹೋದರು. ಹೆಂಗಸರು ಮಾತ್ರ ನೆಲ ನೋಡುತ್ತ ಕೂತಿದ್ದರು. ಒಬ್ಬರ ಮುಖದಲ್ಲೂ ಆಶ್ಚರ್ಯವಿರಲಿಲ್ಲ.

ಎಲ್ಲರೂ ಹೋದಮೇಲೆ ಬೇಕರಿಯಲ್ಲಿ ಕೆಲಸ ಮಾಡುವ ಹುಡುಗಿ ಕುರ್ಚಿ ಮಡಚಿಡುವ ನೆಪದಲ್ಲಿ ಉಳಿದಳು. “ಅಕ್ಕನೇ ನಮ್ಮನ್ನೆಲ್ಲ ಆ ಓಣೀಲಿ ಕರ್ಕೊಂಡ್ ಬರ್ತಿದ್ರು ಅಜ್ಜಿ. ಒಬ್ಬೊಬ್ಬರನ್ನೇ ಮನೆ ಸೇರಿಸಿ ಕೊನೇಲಿ ತಾವು ಹೋಗ್ತಿದ್ರು. ಅವತ್ತು ನಂಗೆ ರಜ, ಮಿಕ್ಕವರೂ ಬಂದಿರ್ಲಿಲ್ಲ” ಎಂದಳು. ಅಳುತ್ತಿದ್ದಳು. ಅವರನ್ನೆಲ್ಲ ಮನೆ ಸೇರಿಸಿ ನೀನು ಕೊನೆಗೆ ಬರುತ್ತಿದ್ದುದೇ ಮಹಡಿಯಿಂದ ನಾನು ಕಂಡ ‘ಒಬ್ಬಳೇ’. ನನಗೊಂದು ಮಾತು ಹೇಳಬಾರದಿತ್ತೇನೇ ಎಂದು ಕೇಳಿದೆ. ಹೇಳೋಣವೆಂದು ಅವಳೂ ಅಂದಿದ್ದಳಂತೆ. ನೀನೇ ತಡೆದೆಯಂತೆ.

“ಬೇಡ, ಅತ್ತೆಗೆ ಗೊತ್ತಾದ್ರೆ ಅವನಿಗೂ ಗೊತ್ತಾಗುತ್ತೆ ಅಂದಿದ್ರು ಅಕ್ಕ.”

ನೀನು ನನ್ನನ್ನು ಎಷ್ಟು ಸರಿಯಾಗಿ ಅಳೆದಿದ್ದೆ ಮಗಳೇ. ಮನೆಗೆ ಬಂದು ದೀಪವನ್ನೂ ಹಾಕದೆ ಕೂತೆ. ಬೀದಿಯ ಹೆಣ್ಣುಮಕ್ಕಳನ್ನು ನಿಜವಾಗಿ ಕಾಯುತ್ತಿದ್ದವಳು ನೀನು, ನನ್ನಿಂದಲೂ ನೀನು ಅವರನ್ನು ಕಾಯಬೇಕಾಗಿತ್ತು.

ಕ್ಷಮಿಸು ಎಂದು ಕೇಳುವುದಿಲ್ಲ. ಕೇಳಿದರೆ ನೀನು ಒಳ್ಳೆಯತನಕ್ಕೆ ‘ಏನಿಲ್ಲ ಬಿಡಿ’ ಎಂದುಬಿಡುತ್ತೀಯ, ಅದು ನನಗೆ ಬೇಡ. ವಾಪಸ್ ಬಾ ಎಂದೂ ಕರೆಯುವುದಿಲ್ಲ. ಆಸ್ಪತ್ರೆಯಿಂದ ನೇರವಾಗಿ ನೀವು ಹೋಗಿ ಸೇರಿದ ಆ ಬಾಡಿಗೆ ಮನೆಯಲ್ಲಿ ನಿಮ್ಮಿಬ್ಬರಿಗೆ ನೆಮ್ಮದಿಯಿದ್ದರೆ ಅಲ್ಲೇ ಇರಿ. ಯಾವಾಗಲಾದರೂ ನನ್ನನ್ನು ಬೈಯಬೇಕು ಅನ್ನಿಸಿದರೆ ಫೋನ್ ಮಾಡು. ನಾನು ಮಧ್ಯೆ ಬಾಯಿ ಹಾಕುವುದಿಲ್ಲ, ಪೂರ್ತಿ ಕೇಳುತ್ತೇನೆ.

ನಿನ್ನ ಕೈ ಬೇಗ ಕೂಡಿಕೊಳ್ಳಲಿ. ಎಲ್ಲಿಗೆ ಹೋದರೂ ನೆಮ್ಮದಿಯಾಗಿ ಮನೆ ಸೇರು. ಸೇರಿದೆಯೋ ಇಲ್ಲವೋ ಎಂದು ವಿಚಾರಿಸುವ ಹಕ್ಕು ಕಳೆದುಕೊಂಡ,

ನಿನ್ನ ಅತ್ತೆ