ಪಟ್ಟಿಯ ಹನ್ನೆರಡನೇ ಸಾಲು

ಮಾರ್ಚ್ 14, ಗುರುವಾರ

ಮಾರಾಟಕ್ಕೆ ಸರ್ಕಾರದ ಒಪ್ಪಿಗೆ ಇವತ್ತೂ ಸಿಗಲಿಲ್ಲ. ಆದರೂ ನಗು ತಡೆಯಲಾಗುತ್ತಿಲ್ಲ.

ರಾಷ್ಟ್ರೀಯ ಉದ್ಯಾನದ ಕೆರೆಯಲ್ಲಿ ಇಪ್ಪತ್ತಾರು ವರ್ಷ ದೋಣಿ ನಡೆಸಿದ್ದೇನೆ. ಈಗ ಆ ದೋಣಿ ವ್ಯಾಪಾರವನ್ನು ಈಜು ಕಲಿಸುವ ಮೇಡಂ ಒಬ್ಬರು ಕೊಳ್ಳುತ್ತಿದ್ದಾರೆ. ಯಾರಿಗೆ, ಏನೇನು ಮಾರುತ್ತೇನೆ ಎಂದು ಅರಣ್ಯ ಇಲಾಖೆ ನೋಡಿ ಒಪ್ಪಬೇಕು. ಬೆಳಗ್ಗೆ ಅಧಿಕಾರಿ ಬಂದು ದಡದ ಬೆಂಚಿನ ಮೇಲೆ ಕೂತು ನನ್ನ ಪಟ್ಟಿ ಓದಿದರು. ದೋಣಿ, ಹುಟ್ಟುಗಳಿಗೆಲ್ಲ ತಲೆಯಾಡಿಸಿದರು. ಕುರ್ಚಿ, ಬೆಂಚು ಎಂದಿದ್ದ ಸಾಲಿನಲ್ಲಿ ಬೆಂಚು ಮಾತ್ರ ಸರ್ಕಾರದ್ದೆಂದು ಹೊಡೆದು ಹಾಕಿದರು. ಹನ್ನೆರಡನೇ ಸಾಲಿಗೆ ಬಂದು ಕನ್ನಡಕ ಒರೆಸಿಕೊಂಡರು.

"ನೀರುನಾಯಿ ಒಂದು, ಬೆಳಗ್ಗೆ ಎಂಟಕ್ಕೆ ಬರುತ್ತದೆ. ಏನ್ರೀ ಇದು?"

ಬರೆದವಳು ನನ್ನ ಹೆಂಡತಿ. ಬಂದವರೆಲ್ಲ ಮೊದಲು ಕೇಳುವುದೇ ಅದನ್ನಲ್ಲವೇ ಎಂದು ಸೇರಿಸಿದ್ದಾಳೆ. ನಾನು ಓದದೆ ರುಜು ಹಾಕಿದ್ದೇನೆ.

"ಕಾಡುಪ್ರಾಣಿ ಮಾರೋಕೆ ಹೊರಟಿದ್ದೀರಿ ಅಂತ ಕೇಸ್ ಹಾಕ್ಬೇಕಾಗುತ್ತೆ."

ಅಷ್ಟರಲ್ಲಿ ಆ ಮಹಾರಾಯ ನೀರುನಾಯಿ ದೋಣಿಯ ಪಕ್ಕದಲ್ಲೇ ತಲೆ ಎತ್ತಿ, ಬಾಯಲ್ಲಿ ಮೀನು ಕಚ್ಚಿಕೊಂಡು ನಮ್ಮನ್ನೇ ನೋಡಿತು. ಅಧಿಕಾರಿ ಗಡಿಯಾರ ನೋಡಿಕೊಂಡರು. ಸರಿಯಾಗಿ ಎಂಟು.

ಆ ಸಾಲನ್ನೂ ಹೊಡೆದು, ಪಕ್ಕದಲ್ಲಿ ಷರತ್ತು ಬರೆದರು: ಮಾಲೀಕರು ಬದಲಾದರೂ ಇದರ ದಾರಿಗೆ ದೋಣಿ ಅಡ್ಡ ಬರಬಾರದು.

"ಸೋಮವಾರ ಹೊಸ ಪಟ್ಟಿ ತನ್ನಿ, ಒಪ್ಪಿಗೆ ಕೊಡ್ತೀನಿ."

"ಅದೇ ಇಲ್ಲ ಅಂದ್ಮೇಲೆ ಮಾರೋಕೆ ಇನ್ನೇನಿದೆ," ಎಂದು ಗೊಣಗುತ್ತಲೇ ಇವಳು ರಾತ್ರಿ ಊಟವಾದ ಮೇಲೆ ಹೊಸದನ್ನು ಬರೆದಳು. ಹನ್ನೆರಡನೇ ಸಾಲು ಹೀಗಿದೆ: ಹಳೆಯ ಮಾಲೀಕರು ಒಬ್ಬರು, ಬೆಳಗ್ಗೆ ಎಂಟಕ್ಕೆ ಬರುತ್ತಾರೆ.

ಈ ಸಲ ಓದಿಯೇ ರುಜು ಹಾಕಿದೆ.