ದೀಪಕ್ಕೆ ತೊಡಿಸಿದ ಬಳೆ

ಸೋನ್ಯಾಳ, ತಾ. ಜತ್ತ
೧೪ ನವೆಂಬರ್ ೧೯೭೩

ಮಗಳ ಸಾವಿತ್ರವ್ವಾ,

ನಿಮ್ಮಪ್ಪನ ಆಶೀರ್ವಾದ ಮೊದಲು ತಗೋ, ಸುದ್ದಿ ಆಮ್ಯಾಲ. ಅಳಿಯಂದಿರು, ಕೂಸು ಚಲೋ ಅದಾರ? ನಿನ್ನ ಬೆನ್ನು ಹೆಂಗೈತಿ? ಕಣ್ಣು ಹೆಂಗದಾವ ಅಂತನೂ ಕೇಳತೀನಿ, ಯಾಕಂದರ ಈ ಪತ್ರ ಕಣ್ಣಿಂದೇ ಐತಿ.

ಅಂಗಡಿಯವ ನಾನು, ಮೊದಲು ಖರ್ಚು ಹೇಳತೀನಿ. ನಿಮ್ಮವ್ವನ ಬೆನ್ನಿಗೆ ಒಂದೂವರಿ ವರ್ಷ ಸೂಜಿ, ಗುಡಿಗೆ ಎರಡು ಚೀಲ ತೆಂಗಿನಕಾಯಿ, ಮಿರಜಿಗೆ ಬಸ್ಸು. ಮತ್ತ ನಿಮ್ಮವ್ವನ ಕಣ್ಣು. ಬಲಗಣ್ಣು ಹೋಗೇ ಬಿಟ್ಟೈತಿ, ಎಡಗಣ್ಣಾಗ ಕೊಳವಿಯೊಳಗಿಂದ ನೋಡಿದಷ್ಟು ಉಳದೈತಿ.

ಸಂತಿಗೆ ಬರೂ ಆ ಸೂಜಿ ಡಾಕ್ಟರ ನಿನಗೂ ಗೊತ್ತು. ಬಾಗಿ ನಡೀತಿದ್ದ ನಿಮ್ಮವ್ವ ಮೊದಲ ಸೂಜಿಗೇ ಮರುದಿವಸ ಕೊಡ ಹೊತ್ತು ಬಂದಳು. ನಾ ಖುಷಿಯಾಗಿ ಅಂಗಡಿ ಕಟ್ಟಿ ಮ್ಯಾಲೇ ಅವನಿಗೆ ಕುರ್ಚಿ ಹಾಕಿಕೊಟ್ಟೆ. ಬೆನ್ನುನೋವಿನವರು ಬಂದರ ಸಕ್ಕರಿ, ಚಹಾಪುಡಿ ಒಯ್ಯದ ಹೋಗತಾರೇನು? ಮುಂದ ಒಂದು ಸಂಜಿ ಗುಡಿಯಾಗ ನಿಮ್ಮವ್ವ, “ಏನ್ರಿ, ದೀಪಕ್ಕ ಯಾರೋ ಬಣ್ಣಬಣ್ಣದ ಬಳಿ ತೊಡಿಸ್ಯಾರ ನೋಡ್ರಿ” ಅಂದಳು. ನಾ ನೋಡಿದರ ಬರೇ ದೀಪ. ಪೂಜಾರಿ ಸೋಮನಿಂಗಪ್ಪ ಕೇಳಿದವನೇ ಕೈ ಮುಗದು, “ಗೌರವ್ವಾ, ನಿನಗ ದೇವರ ಪ್ರಭಾವಳಿ ಕಂಡೈತಿ. ಹುಟ್ಟಿದಾಗಿಂದ ಗಂಟಿ ಬಾರಿಸಿದ ನನಗ ಕಾಣಲಿಲ್ಲ ನೋಡು” ಅಂದ. ಆತಲ್ಲ! ದರಿಬಡಚಿಯಿಂದ ಸೈತ ಹೆಣ್ಮಕ್ಕಳು ಬಂದು ಕಾಲಿಗೆ ಬಿದ್ದರು. ನಿಮ್ಮವ್ವ ತಲಿ ಸಿಡೀತೈತಿ ಅಂದರೂ, ದೇವರ ಭಾರ ಅದು, ತಡಕೋ ಅಂದಿವಿ. ಹಗಲಿನ್ಯಾಗ ಹೊಸ್ತಿಲ ಎಡವಿ ಬಿದ್ದ ಮ್ಯಾಲ ಮಿರಜಿಗೆ ಒಯ್ದೆ. ದೀಪದ ಸುತ್ತ ಬಣ್ಣದ ಬಳಿ ಕಾಣತಿದ್ದವೇನು ಅಂತ ಕಣ್ಣಿನ ಡಾಕ್ಟರು ನಾ ಹೇಳೂಕಿಂತ ಮೊದಲೇ ಕೇಳಿದರು. ಆ ಸೂಜಿ ಔಷಧದಿಂದ ಕಣ್ಣೊಳಗ ಒತ್ತಡ ಏರಿ ನರ ಸತ್ತೈತಿ, ಹೋದ ನೋಟ ತಿರುಗಿ ಬರೂದಿಲ್ಲ ಅಂದರು.

ನಿಮ್ಮವ್ವ ನಂಬೂದಿಲ್ಲ. ಕಂಬದಂಗ ನೆಟ್ಟಗ ನಿಂತು, ದೇವರು ಹೊರಗಿನ ಬೆಳಕು ಒಳಗ ಒಯ್ಯಾಕತ್ತಾನ ಅಂತಾಳ. ನಾ ತಿದ್ದಿಲ್ಲ. ಕಣ್ಣು ಕಳಕೊಂಡಾಕಿ ಕಡಿಂದ ದೇವರನ್ನೂ ಹೆಂಗ ಕಸಗೊಳ್ಳಲಿ?

ಅಳಿಯಂದಿರಿಗೆ ಶರಣು ಹೇಳು. ಕೂಸಿನ ಹಣಿಗೆ ನನ್ನ ಹೆಸರಲೆ ವಿಭೂತಿ ಹಚ್ಚು.

ನಿಮ್ಮಪ್ಪ
ಅಣ್ಣಾರಾಯ

ತಾ.ಕ.: ನಿಮ್ಮವ್ವ ನಿನ್ನೆ ಹೇಳಿದಳು, ಪಂಚಮಿಗೆ ಬಂದಾಗ ನಿನಗೂ ಆ ಸೂಜಿ ಹಾಕಿಸ್ಯಾಳಂತ, ಮುಂದಿನವು ನಿಮ್ಮ ಸೊಲ್ಲಾಪುರದಾಗ ಹಾಕಿಸಿಕೋ ಅಂತ ಔಷಧದ ಚೀಟಿನೂ ಕೊಟ್ಟಾಳಂತ. ಇದನ್ನ ಓದಿದ ಕೂಡಲೆ ಆ ಚೀಟಿ ಹಿಡಕೊಂಡು ಕಣ್ಣಿನ ಡಾಕ್ಟರ ಕಡೆ ಹೋಗು. ಏನಂದರು ಅಂತ ಲಗೂನ ಬರಿ. ಇದರಾಗ ಸೂಜಿಯವನಿಗೆ ಹೆಸರು ಬಂತು, ಪೂಜಾರಿಗೆ ಕಾಯಿ, ನನಗ ಗಿರಾಕಿ, ನಿಮ್ಮವ್ವಗ ಬೆನ್ನು. ಈ ಲೆಕ್ಕದಾಗ ನಿನ್ನ ಹೆಸರಿನ ಮುಂದ ನಾ ಇನ್ನೂ ಏನೂ ಬರದಿಲ್ಲ.